ಕ್ಷಾಮದ ಇತಿಹಾಸವೂ ಅರ್ಥಶಾಸ್ತ್ರದ ಮೊದಲ ಪಾಠಗಳೂ: ಕೆಲವು ತರ್ಕದೋಷಗಳ ವಿಮರ್ಶೆ

೧

ಅರ್ಥಶಾಸ್ತ್ರದ ಮೊದಲ ಪಾಠಗಳು ಮೇಲುನೋಟಕ್ಕೆ ಬಹು ಸುಲಭವಾದವು. ಬೆಲೆ ಏರಿದರೆ ಕೊಳ್ಳುವವರು ಕಡಿಮೆಯಾಗುತ್ತಾರೆ. ಸರಕು ವಿರಳವಾದರೆ ಬೆಲೆ ಏರುತ್ತದೆ. ಲಾಭವಿರುವೆಡೆಗೆ ವರ್ತಕನು ಸರಕನ್ನು ಸಾಗಿಸುತ್ತಾನೆ. ಇಷ್ಟನ್ನು ತಿಳಿಯಲು ಕಾಲೇಜಿಗೆ ಬರಬೇಕಾಗಿಲ್ಲ, ಸಂತೆಗೆ ಹೋದರೆ ಸಾಕು ಎಂದು ವಿದ್ಯಾರ್ಥಿಗೆ ತೋರುವುದು ಸಹಜವೇ ಆಗಿದೆ. ಆದರೆ ಈ ಸರಳ ವಾಕ್ಯಗಳಿಂದ ಹೊರಟು ಒಂದು ತೀರ್ಮಾನವನ್ನು ಮುಟ್ಟುವ ದಾರಿಯಲ್ಲಿ ಕಾಲುಜಾರುವ ಸ್ಥಳಗಳು ಅನೇಕವಿವೆ. ಜಾರಿದವನಿಗೆ ತಾನು ಜಾರಿದೆನೆಂಬ ಅರಿವೇ ಆಗದಿರುವುದು ಇವುಗಳ ವಿಶೇಷ. ಏಕೆಂದರೆ ಪ್ರತಿಯೊಂದು ತಪ್ಪೂ ಒಂದು ನಿಜವಾದ ಮಾತಿನಿಂದಲೇ ಆರಂಭವಾಗುತ್ತದೆ.

ಇತಿಹಾಸದ ಅಧ್ಯಾಪಕರಾದ ನಾವು ಈ ವಿಷಯಕ್ಕೆ ಏಕೆ ಕೈಹಾಕಬೇಕೆಂದು ಕೆಲವರು ಕೇಳಬಹುದು. ಅರ್ಥಶಾಸ್ತ್ರದ ತರಗತಿಯಲ್ಲಿ ತಪ್ಪಾಗಿ ತರ್ಕಿಸಿದವನಿಗೆ ಕೆಲವು ಅಂಕಗಳು ಹೋಗುತ್ತವೆ. ಇತಿಹಾಸದಲ್ಲಿ ಅದೇ ತಪ್ಪನ್ನು ಅಧಿಕಾರಸ್ಥಾನದಲ್ಲಿ ಕುಳಿತವರು ಮಾಡಿದಾಗ ಜನರ ಪ್ರಾಣಗಳು ಹೋಗಿವೆ. ಹತ್ತೊಂಬತ್ತನೆಯ ಶತಮಾನದ ಭಾರತದ ಕ್ಷಾಮಗಳ ದಾಖಲೆಗಳನ್ನು ಓದುವವರಿಗೆ ಈ ಮಾತು ಅತಿಶಯೋಕ್ತಿಯಾಗಿ ಕಾಣಲಾರದು. ಇನ್ನೊಂದು ಕಾರಣವೂ ಉಂಟು. ಆ ಕ್ಷಾಮಗಳನ್ನು ಕುರಿತು ಇಂದು ಬರೆಯುವ ನಮ್ಮ ವಿದ್ಯಾರ್ಥಿಗಳು ಹಿಂದಿನ ಅಧಿಕಾರಿಗಳನ್ನು ಕಟುವಾಗಿ ಖಂಡಿಸುತ್ತಲೇ ಅವರ ತರ್ಕದ ರೀತಿಯನ್ನೇ, ಬೇರೆ ತೀರ್ಮಾನದ ಕಡೆಗೆ, ಬಳಸುತ್ತಿರುವುದು ಉತ್ತರಪತ್ರಿಕೆಗಳಲ್ಲಿಯೂ ಪ್ರಬಂಧಗಳಲ್ಲಿಯೂ ಕಂಡುಬರುತ್ತದೆ.

ಆದಕಾರಣ ಪ್ರಕೃತ ಲೇಖನದಲ್ಲಿ ೧೮೭೬-೭೮ರ ದಕ್ಷಿಣ ಭಾರತದ ಮಹಾಕ್ಷಾಮವನ್ನು ಮುಖ್ಯ ನಿದರ್ಶನವಾಗಿ ಇಟ್ಟುಕೊಂಡು, ಅದರ ಹಿಂದುಮುಂದಿನ ಕೆಲವು ಘಟನೆಗಳನ್ನೂ ಸೇರಿಸಿಕೊಂಡು, ಆರು ಬಗೆಯ ತರ್ಕದೋಷಗಳನ್ನು ವಿವೇಚಿಸಲು ಉದ್ದೇಶಿಸಿದ್ದೇವೆ. ಈ ಕ್ಷಾಮವು ಮೈಸೂರು ಸೀಮೆಯ ಜನರ ನೆನಪಿನಲ್ಲಿ ಧಾತು-ಈಶ್ವರ ಸಂವತ್ಸರಗಳ ಬರವೆಂದು ಉಳಿದಿರುವಂಥದು. ಕ್ಷಾಮದ ಸಮಗ್ರ ಇತಿಹಾಸವನ್ನು ಇಲ್ಲಿ ಬರೆಯುತ್ತಿಲ್ಲ. ಅದನ್ನು ಕುರಿತು ತರ್ಕಿಸುವ ಕ್ರಮವನ್ನು ಮಾತ್ರ ಪರೀಕ್ಷಿಸುತ್ತಿದ್ದೇವೆ.

೨

ಮೊದಲನೆಯ ದೋಷ ಶಬ್ದಗಳಿಂದ ಹುಟ್ಟುವುದು. ಶಾಸ್ತ್ರವು ಲೋಕರೂಢಿಯ ಮಾತುಗಳನ್ನು ತೆಗೆದುಕೊಂಡು ಅವುಗಳಿಗೆ ಬೇರೆ ಅರ್ಥವನ್ನು ಕೊಡುತ್ತದೆ. ವಿದ್ಯಾರ್ಥಿಯು ಹಳೆಯ ಅರ್ಥವನ್ನು ಕೈಬಿಡದೆ ಹೊಸ ವಾಕ್ಯವನ್ನು ಬಾಯಿಪಾಠ ಮಾಡುತ್ತಾನೆ. ಕನ್ನಡದಲ್ಲಿ ಇದಕ್ಕೆ ಅತ್ಯುತ್ತಮ ನಿದರ್ಶನವೆಂದರೆ ‘ಬೇಡಿಕೆ’ ಎಂಬ ಮಾತು. ‘ಬೇಡು’ ಎಂಬ ಧಾತುವಿನಿಂದ ಬಂದ ಈ ಶಬ್ದವು ಕೇಳಿಕೊಳ್ಳುವುದನ್ನು, ಯಾಚಿಸುವುದನ್ನು ನೆನಪಿಗೆ ತರುತ್ತದೆ. ಆದರೆ ಅರ್ಥಶಾಸ್ತ್ರದಲ್ಲಿ ಬೇಡಿಕೆಯೆಂದರೆ ಬಯಕೆಯಲ್ಲ, ಅಗತ್ಯವೂ ಅಲ್ಲ. ಒಂದು ಬೆಲೆಗೆ ಕೊಳ್ಳುವ ಇಚ್ಛೆ ಮತ್ತು ಶಕ್ತಿ ಎರಡೂ ಕೂಡಿದ ಸ್ಥಿತಿ. ಹೀಗೆ ನೋಡಿದರೆ ಬೇಡುವವನಿಗೆ ಬೇಡಿಕೆಯೇ ಇಲ್ಲ! ಹಸಿದು ಸಾಯುತ್ತಿರುವವನ ಕೈಯಲ್ಲಿ ಕಾಸಿಲ್ಲದಿದ್ದರೆ ಮಾರುಕಟ್ಟೆಯ ಪಾಲಿಗೆ ಅವನ ಹಸಿವು ಕಾಣದ ವಸ್ತು.

ಈ ಒಂದು ಭೇದವನ್ನು ಮರೆತುದರಿಂದ ಆದ ಅನರ್ಥವನ್ನು ೧೮೬೬ರ ಒರಿಸ್ಸಾ ಕ್ಷಾಮದಲ್ಲಿ ಕಾಣಬಹುದು. ೧೮೬೫ರಲ್ಲಿ ಮಳೆ ತಪ್ಪಿತು. ಹೊರಗಿನಿಂದ ಅಕ್ಕಿಯನ್ನು ತರಿಸಬೇಕೇ ಎಂಬ ಪ್ರಶ್ನೆ ಎದ್ದಾಗ ಕಲ್ಕತ್ತೆಯ ರೆವಿನ್ಯೂ ಬೋರ್ಡು ಅದಕ್ಕೆ ಒಪ್ಪಲಿಲ್ಲ. ಅಂದಿನ ಅಧಿಕಾರಿಗಳ ವಿಚಾರಸರಣಿಯನ್ನು ಸಂಗ್ರಹವಾಗಿ ಹೀಗೆ ಹೇಳಬಹುದು: ನಿಜವಾದ ಕೊರತೆಯಿದ್ದಲ್ಲಿ ಬೆಲೆ ಏರಿ ವರ್ತಕರು ತಾವಾಗಿಯೇ ಧಾನ್ಯವನ್ನು ತರುತ್ತಿದ್ದರು; ವರ್ತಕರು ತರುತ್ತಿಲ್ಲ; ಆದ್ದರಿಂದ ಒಳಗೆ ದಾಸ್ತಾನು ಇರಲೇಬೇಕು. ತರ್ಕದ ಆಕಾರದಲ್ಲಿ ದೋಷವಿಲ್ಲ. ದೋಷವಿರುವುದು ಮೊದಲ ವಾಕ್ಯದಲ್ಲಿ. ವರ್ತಕರು ಧಾನ್ಯ ತರಬೇಕಾದರೆ ದಾರಿಯಿರಬೇಕು, ಸುದ್ದಿ ತಿಳಿಯಬೇಕು, ಎಲ್ಲಕ್ಕೂ ಮಿಗಿಲಾಗಿ ಹಸಿದವರ ಕೈಯಲ್ಲಿ ಹಣವಿರಬೇಕು. ಒರಿಸ್ಸಾದಲ್ಲಿ ಈ ಮೂರೂ ದುರ್ಬಲವಾಗಿದ್ದುವು. ನಿಜಸ್ಥಿತಿ ತಿಳಿಯುವ ವೇಳೆಗೆ ಮಳೆಗಾಲ ಬಂದು ಸಮುದ್ರಮಾರ್ಗ ಮುಚ್ಚಿತ್ತು. ಸುಮಾರು ಹತ್ತು ಲಕ್ಷ ಜನ, ಎಂದರೆ ಆ ಪ್ರಾಂತದ ಸುಮಾರು ಮೂರನೆಯ ಒಂದು ಪಾಲು ಜನ, ಸತ್ತರೆಂದು ಅಂದಾಜು ಮಾಡಲಾಗಿದೆ.

‘ನಿಯಮ’ವೆಂಬ ಮಾತೂ ಇಂಥದೇ. ಪ್ರಕೃತಿಯಲ್ಲಿ ಕಾಣುವ ಕ್ರಮವೂ ನಮಗೆ ನಿಯಮವೇ, ಹಾಗೆಯೇ ನಡೆದುಕೊಳ್ಳಬೇಕೆಂಬ ವಿಧಿಯೂ ನಿಯಮವೇ. ಕಲ್ಲು ಕೆಳಕ್ಕೆ ಬೀಳುತ್ತದೆಂಬ ನಿಯಮವು ಕಲ್ಲನ್ನು ತಡೆಯಕೂಡದೆಂದು ಹೇಳುವುದಿಲ್ಲ. ಆದರೆ ಸರಬರಾಯಿ-ಬೇಡಿಕೆಗಳ ನಿಯಮವನ್ನು ಓದಿದವರು, ಬೆಲೆ ಏರುತ್ತದೆ ಎಂಬುದರಿಂದ ಬೆಲೆ ಏರತಕ್ಕದ್ದು ಎಂಬುದಕ್ಕೂ, ಅಲ್ಲಿಂದ ಯಾರೂ ಕೈಹಾಕಕೂಡದು ಎಂಬುದಕ್ಕೂ ಎರಡು ಹೆಜ್ಜೆಗಳಲ್ಲಿ ಜಿಗಿಯುತ್ತಾರೆ. ಮೊದಲನೆಯದು ವಸ್ತುಸ್ಥಿತಿ, ಕೊನೆಯದು ನೀತಿ. ಇವೆರಡರ ನಡುವೆ ಯಾವ ಗುರಿಗಾಗಿ, ಯಾರ ಹಿತಕ್ಕಾಗಿ ಎಂಬ ಬೇರೊಂದು ವಿಚಾರ ಬರಬೇಕಾಗಿದೆ.

ನಮ್ಮ ಹಳೆಯ ಮಾತೊಂದು ಇಲ್ಲಿ ಶಾಸ್ತ್ರಕ್ಕಿಂತ ಜಾಗರೂಕವಾಗಿರುವುದನ್ನು ಗಮನಿಸಬೇಕು. ‘ದುರ್ಭಿಕ್ಷ’ವೆಂದರೆ ಭಿಕ್ಷೆ ದೊರೆಯುವುದು ಕಷ್ಟವಾದ ಕಾಲ; ‘ಸುಭಿಕ್ಷ’ವೆಂದರೆ ಅದು ಸುಲಭವಾಗಿ ದೊರೆಯುವ ಕಾಲ. ಕಣಜದಲ್ಲಿ ಎಷ್ಟಿದೆಯೆಂಬುದು ಈ ಶಬ್ದಗಳ ಅಳತೆಯಲ್ಲ. ಇಲ್ಲದವನ ಕೈಗೆ ಎಷ್ಟು ಬರುತ್ತದೆಂಬುದೇ ಅಳತೆ.

೩

ಎರಡನೆಯ ದೋಷವು ಬೆಲೆಯ ಅಂಕಿಗಳನ್ನು ಓದುವುದಕ್ಕೆ ಸಂಬಂಧಿಸಿದುದು. ಹತ್ತೊಂಬತ್ತನೆಯ ಶತಮಾನದ ಗೆಜೆಟಿಯರುಗಳಲ್ಲಿಯೂ ಆಡಳಿತ ವರದಿಗಳಲ್ಲಿಯೂ ಧಾನ್ಯದ ಧಾರಣೆಯನ್ನು ಸಾಮಾನ್ಯವಾಗಿ ಒಂದು ರೂಪಾಯಿಗೆ ಎಷ್ಟು ಸೇರು ಎಂಬ ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಇಲ್ಲಿ ಅಂಕಿ ಇಳಿದರೆ ಬೆಲೆ ಏರಿತೆಂದು ಅರ್ಥ. ರೂಪಾಯಿಗೆ ೪೦ ಸೇರು ಇದ್ದುದು ೧೦ ಸೇರಿಗೆ ಬಂದಿತೆಂದರೆ ಬೆಲೆ ನಾಲ್ಕರಷ್ಟಾಯಿತು. ಇಳಿಯುವ ಅಂಕಿಯನ್ನು ಕಂಡು ಬೆಲೆ ಇಳಿಯಿತೆಂದು ಬರೆಯುವ ವಿದ್ಯಾರ್ಥಿಯನ್ನು ತಿದ್ದುವುದು ಸುಲಭ. ಅದಕ್ಕಿಂತ ಸೂಕ್ಷ್ಮವಾದ ತಪ್ಪು ಸರಾಸರಿಯಲ್ಲಿದೆ. ಒಂದು ತಿಂಗಳು ರೂಪಾಯಿಗೆ ೪೦ ಸೇರು, ಇನ್ನೊಂದು ತಿಂಗಳು ೧೦ ಸೇರು ಎಂದಿಟ್ಟುಕೊಳ್ಳೋಣ. ಇವೆರಡನ್ನೂ ಕೂಡಿ ಭಾಗಿಸಿದರೆ ೨೫ ಸೇರು ಎಂದು ಬರುತ್ತದೆ. ಆದರೆ ಸೇರೊಂದಕ್ಕೆ ಕೊಡಬೇಕಾದ ಬೆಲೆಗಳನ್ನು ತೆಗೆದುಕೊಂಡು ಸರಾಸರಿ ಮಾಡಿದರೆ ಅದು ರೂಪಾಯಿಗೆ ೧೬ ಸೇರಿನ ಧಾರಣೆಗೆ ಸಮನಾಗುತ್ತದೆ. ಪ್ರತಿ ತಿಂಗಳೂ ಇಷ್ಟು ಸೇರು ರಾಗಿ ಬೇಕೇಬೇಕು ಎನ್ನುವ ಸಂಸಾರಕ್ಕೆ ತಟ್ಟುವುದು ಈ ಎರಡನೆಯ ಸರಾಸರಿ. ಮೊದಲನೆಯ ಲೆಕ್ಕವು ದುಬಾರಿಯ ತಿಂಗಳುಗಳನ್ನು ಮರೆಮಾಡಿ ಕ್ಷಾಮವನ್ನು ಕಾಗದದ ಮೇಲೆ ಹಗುರಗೊಳಿಸುತ್ತದೆ.

ಇದರ ಜತೆಯಲ್ಲಿಯೇ ಬರುವುದು ಹಣದ ಕೂಲಿಯನ್ನೂ ನಿಜವಾದ ಕೂಲಿಯನ್ನೂ ಒಂದೆಂದು ಭಾವಿಸುವ ತಪ್ಪು. ರೂಪಾಯಿಗೆ ೧೬ ಆಣೆಗಳಿದ್ದ ಆ ಕಾಲದಲ್ಲಿ ಒಬ್ಬ ಕೂಲಿಕಾರನಿಗೆ ದಿನಕ್ಕೆ ೨ ಆಣೆ ದೊರೆಯುತ್ತಿತ್ತೆಂದು ಊಹಿಸೋಣ. ಧಾರಣೆ ೪೦ ಸೇರು ಇದ್ದಾಗ ಅವನ ಕೂಲಿ ೫ ಸೇರು ಧಾನ್ಯ. ಧಾರಣೆ ೮ ಸೇರಿಗೆ ಬಂದಾಗ ಅದೇ ೨ ಆಣೆಗೆ ೧ ಸೇರು. ಕೂಲಿಯನ್ನು ಇಮ್ಮಡಿ ಮಾಡಿ ೪ ಆಣೆ ಕೊಟ್ಟರೂ ೨ ಸೇರು ಮಾತ್ರ. ‘ಕೂಲಿ ಇಮ್ಮಡಿಯಾಯಿತು’ ಎಂಬ ವಾಕ್ಯವೂ ‘ಕೂಲಿ ಅರ್ಧಕ್ಕಿಂತ ಕಡಿಮೆಯಾಯಿತು’ ಎಂಬ ವಾಕ್ಯವೂ ಇಲ್ಲಿ ಏಕಕಾಲಕ್ಕೆ ನಿಜ. ಯಾವ ಅಳತೆಗೋಲಿನಿಂದ ಎಂದು ಹೇಳದವನು ಏನನ್ನೂ ಹೇಳಿದಂತಾಗಲಿಲ್ಲ. ಬರಗಾಲದಲ್ಲಿ ಬಹುಮಂದಿಗೆ ಕೂಲಿಯೇ ಸಿಕ್ಕುವುದಿಲ್ಲವೆಂಬುದನ್ನು ನೆನೆದರೆ ಈ ಲೆಕ್ಕವೂ ಆಶಾವಾದದ ಲೆಕ್ಕವೇ.

ಇದೇ ಸಂದರ್ಭದಲ್ಲಿ ಇನ್ನೊಂದು ಗೊಂದಲವನ್ನೂ ಹೇಳಿಬಿಡಬಹುದು. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ (೧೮೬೧-೬೫) ಧಾರವಾಡ ಸೀಮೆಯ ಹತ್ತಿಗೆ ಬೆಲೆ ವಿಪರೀತವಾಗಿ ಏರಿತು. ಭಾರತದಿಂದ ಬ್ರಿಟನ್ನಿಗೆ ಹೋಗುವ ಹತ್ತಿಯೂ ಹೆಚ್ಚಿತು. ಬೆಲೆ ಏರಿದರೂ ಮಾರಾಟ ಹೆಚ್ಚಿತಾದ್ದರಿಂದ ಬೇಡಿಕೆಯ ನಿಯಮವು ಸುಳ್ಳಾಯಿತೆಂದು ಬರೆಯುವವರುಂಟು. ನಿಯಮವು ಹೇಳುವುದು, ಇತರ ಸಂಗತಿಗಳು ಇದ್ದಂತೆಯೇ ಇರುವಾಗ ಎಂದು. ಇಲ್ಲಿ ಇತರ ಸಂಗತಿಗಳೇ ಮಗುಚಿಬಿದ್ದಿದ್ದುವು: ಅಮೆರಿಕದ ಹತ್ತಿ ಬರುವುದು ನಿಂತುಹೋಗಿ ಭಾರತದ ಹತ್ತಿಯ ಮೇಲಿನ ಬೇಡಿಕೆಯೇ ಮೇಲಕ್ಕೆ ಸರಿದಿತ್ತು. ಒಂದೇ ರೇಖೆಯ ಮೇಲೆ ನಡೆಯುವುದು ಬೇರೆ, ರೇಖೆಯೇ ಸ್ಥಳ ಬದಲಿಸುವುದು ಬೇರೆ. ಇತಿಹಾಸದಲ್ಲಿ ಇತರ ಸಂಗತಿಗಳು ಇದ್ದಂತೆಯೇ ಇರುವುದು ಅಪೂರ್ವ. ಆದ್ದರಿಂದ ಈ ಎಚ್ಚರವು ಅರ್ಥಶಾಸ್ತ್ರಜ್ಞನಿಗಿಂತ ಇತಿಹಾಸಕಾರನಿಗೇ ಹೆಚ್ಚು ಅವಶ್ಯಕವಾಗಿದೆ.

೪

ಮೂರನೆಯದು, ಬಿಡಿಗೆ ಸತ್ಯವಾದುದು ಇಡಿಗೂ ಸತ್ಯವೆಂದು ತಿಳಿಯುವ ದೋಷ. ನಮ್ಮ ಪ್ರಾಚೀನರು ಹೇಳುವ ಸ್ಥಾಲೀಪುಲಾಕ ನ್ಯಾಯವು ಎಲ್ಲರಿಗೂ ತಿಳಿದದ್ದೇ: ಒಂದು ಅಗುಳನ್ನು ಹಿಚುಕಿ ನೋಡಿ ಗಡಿಗೆಯ ಅನ್ನವೆಲ್ಲ ಬೆಂದಿದೆಯೆಂದು ತಿಳಿಯಬಹುದು. ಅನ್ನದ ವಿಷಯದಲ್ಲಿ ಈ ನ್ಯಾಯವು ಸರಿ. ಒಂದು ಅಗುಳು ಬೇಯುವುದರಿಂದ ಇನ್ನೊಂದು ಅಗುಳು ಹಸಿಯಾಗಿ ಉಳಿಯುವುದಿಲ್ಲ. ಮಾರುಕಟ್ಟೆಯಲ್ಲಿ ಹಾಗಲ್ಲ. ಅಲ್ಲಿ ಒಬ್ಬನು ಮಾಡುವ ಕೆಲಸವು ಇನ್ನೊಬ್ಬನ ಸ್ಥಿತಿಯನ್ನು ಬದಲಿಸುತ್ತದೆ.

ಬರಗಾಲದ ಒಬ್ಬ ರೈತನನ್ನು ತೆಗೆದುಕೊಳ್ಳೋಣ. ಬೆಳೆ ಹೋಯಿತು, ಮನೆಯಲ್ಲಿ ಕಾಳಿಲ್ಲ, ಹಟ್ಟಿಯಲ್ಲಿ ಒಂದು ಜೊತೆ ಎತ್ತಿದೆ. ಎತ್ತನ್ನು ಮಾರಿ ರಾಗಿಯನ್ನು ಕೊಂಡರೆ ಕೆಲವು ತಿಂಗಳು ಬದುಕಬಹುದು. ಅವನೊಬ್ಬನ ವಿಷಯದಲ್ಲಿ ಈ ಲೆಕ್ಕವು ಸರಿಯಾಗಿದೆ. ಆದರೆ ಅದೇ ವಾರದ ಸಂತೆಗೆ ಸುತ್ತಣ ಐವತ್ತು ಹಳ್ಳಿಗಳ ರೈತರೂ ಎತ್ತುಗಳನ್ನು ಹೊಡೆದುಕೊಂಡು ಬರುತ್ತಾರೆ. ಮೇವಿಲ್ಲದ ಕಾಲದಲ್ಲಿ ಕೊಳ್ಳುವವರಿಲ್ಲ. ಎತ್ತಿನ ಬೆಲೆ ಕುಸಿಯುತ್ತದೆ. ಎಲ್ಲರೂ ರಾಗಿಯನ್ನು ಕೇಳುವುದರಿಂದ ರಾಗಿಯ ಬೆಲೆ ಏರುತ್ತದೆ. ಬಡವನ ಸೊತ್ತೆಂಬುದು ಅವನಿಗೆ ಅತ್ಯಂತ ಅವಶ್ಯಕವಾದ ದಿನದಂದೇ ಬೆಲೆ ಕಳೆದುಕೊಳ್ಳುತ್ತದೆ. ಬೆಳ್ಳಿಯ ಒಡವೆಗೂ ಬಾಗಿಲಿನ ಮರಕ್ಕೂ ಇದೇ ಗತಿ. ‘ರೈತರ ಬಳಿ ದನಕರುಗಳಿದ್ದುವು, ಒಡವೆಗಳಿದ್ದುವು, ಆದ್ದರಿಂದ ಅವರು ಒಂದು ವರ್ಷವನ್ನು ತಳ್ಳಬಹುದಾಗಿತ್ತು’ ಎಂದು ಒಳ್ಳೆಯ ವರ್ಷದ ಬೆಲೆಯಲ್ಲಿ ಲೆಕ್ಕ ಹಾಕುವವರು ಬಿಡಿಯ ಸತ್ಯವನ್ನು ಇಡಿಗೆ ಹಚ್ಚುತ್ತಾರೆ.

ಕೂಡಿಡುವುದರಲ್ಲಿಯೂ ಇದೇ ಮಾತು. ಮುಂದೆ ದುಬಾರಿಯಾಗಬಹುದೆಂದು ಹೆದರಿ ಒಂದು ಮನೆಯವರು ಎರಡು ಪಲ್ಲ ಹೆಚ್ಚಾಗಿ ತೆಗೆದಿಟ್ಟರೆ ಅದು ವಿವೇಕ. ಊರಿನವರೆಲ್ಲರೂ ಹಾಗೆ ಮಾಡಿದರೆ ಅವರು ಹೆದರಿದ ದುಬಾರಿಯನ್ನು ಅವರೇ ಬೇಗ ಕರೆತಂದಂತಾಗುತ್ತದೆ. ೧೯೩೬ರಲ್ಲಿ ಕೇನ್ಸನು ತನ್ನ ಪ್ರಸಿದ್ಧ ಗ್ರಂಥದಲ್ಲಿ ಉಳಿತಾಯದ ವಿಷಯವಾಗಿ ಎತ್ತಿದ ಮಾತಿನ ಜಾತಿಯೂ ಇದೇ: ಒಂದು ಸಂಸಾರಕ್ಕೆ ಗುಣವಾದುದು ಮುಗ್ಗಟ್ಟಿನ ಕಾಲದಲ್ಲಿ ಇಡೀ ದೇಶಕ್ಕೆ ಕೇಡಾಗಬಹುದು. ಇದರಿಂದ ಉಳಿತಾಯವೇ ಕೆಟ್ಟದ್ದೆಂದು ಹೊರಡುವುದು ಇನ್ನೊಂದು ತುದಿಯ ತಪ್ಪು. ಕೇಳಬೇಕಾದ ಪ್ರಶ್ನೆ ಒಂದೇ: ಎಲ್ಲರೂ ಒಮ್ಮೆಗೇ ಹೀಗೆ ಮಾಡಿದರೆ ಏನಾಗುತ್ತದೆ?

೫

ನಾಲ್ಕನೆಯ ದೋಷವು ನಮಗೆ ಎಲ್ಲಕ್ಕಿಂತ ಗುರುತರವಾಗಿ ತೋರುತ್ತದೆ. ಕಾಗೆ ಕುಳಿತುಕೊಳ್ಳುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸಂಬಂಧ ಕಲ್ಪಿಸುವ ಕಾಕತಾಳೀಯವನ್ನು ಎಲ್ಲರೂ ಬಲ್ಲರು. ಒಂದಾದ ಮೇಲೆ ಇನ್ನೊಂದು ಆಯಿತಾದ್ದರಿಂದ ಮೊದಲನೆಯದೇ ಎರಡನೆಯದಕ್ಕೆ ಕಾರಣವೆನ್ನುವ ಈ ತಪ್ಪು ಪಠ್ಯಪುಸ್ತಕಗಳಲ್ಲಿ ದೊರೆಯುತ್ತದೆ. ಅಲ್ಲಿ ದೊರೆಯದಿರುವುದು ಅದರ ಮಗ್ಗುಲಿನ ಇನ್ನೊಂದು ತಪ್ಪು: ಅನಾಹುತವಾಗಲಿಲ್ಲ, ಆದ್ದರಿಂದ ಅದನ್ನು ತಡೆಯಲು ಮಾಡಿದ ವೆಚ್ಚವು ವ್ಯರ್ಥ ಎಂಬ ವಾದ.

ಬಿಹಾರದಲ್ಲಿ ೧೮೭೩-೭೪ರಲ್ಲಿ ಬರ ಬಿದ್ದಿತು. ಒರಿಸ್ಸಾದ ಕಹಿ ನೆನಪಿನ್ನೂ ಆರದಿದ್ದ ಕಾಲ. ಸರ್ಕಾರವು ಬರ್ಮಾದಿಂದ ಅಪಾರವಾಗಿ ಅಕ್ಕಿಯನ್ನು ತರಿಸಿತು. ಸರ್ ರಿಚರ್ಡ್ ಟೆಂಪಲ್ ಅವರು ಪರಿಹಾರಕಾರ್ಯಗಳ ಹೊಣೆ ಹೊತ್ತಿದ್ದರು. ಹಸಿವಿನಿಂದ ಸತ್ತವರು ಬಹು ಕಡಿಮೆ. ಇದರ ಫಲವಾಗಿ ಟೆಂಪಲ್ಲರಿಗೆ ದೊರೆತುದು ಪ್ರಶಂಸೆಗಿಂತ ಹೆಚ್ಚಾಗಿ ದುಂದುವೆಚ್ಚದ ಆಪಾದನೆ. ಸಾವುಗಳಿಲ್ಲ, ಆದ್ದರಿಂದ ಕ್ಷಾಮವೇ ಇರಲಿಲ್ಲ. ಕ್ಷಾಮವೇ ಇಲ್ಲದ ಕಡೆ ಇಷ್ಟು ಹಣವೇಕೆ ಎಂಬುದು ಟೀಕಾಕಾರರ ಧ್ವನಿ. ಮೂರು ವರ್ಷಗಳ ತರುವಾಯ, ೧೮೭೭ರಲ್ಲಿ, ಅದೇ ಟೆಂಪಲ್ಲರು ಮದ್ರಾಸ್ ಪ್ರಾಂತಕ್ಕೆ ಬಂದಾಗ ಮಿತವ್ಯಯದ ಕಡೆಗೆ ವಾಲಿದ್ದರು. ಪರಿಹಾರದ ಕೆಲಸ ಮಾಡುವ ಆಳಿನ ದಿನಗೂಲಿಯನ್ನು ಒಂದು ರಾತಲು ಧಾನ್ಯ ಮತ್ತು ಅದರ ಮೇಲೆ ಅಲ್ಪ ನಗದು ಎಂದು ಇಳಿಸಲಾಯಿತು. ಮದ್ರಾಸಿನ ಆರೋಗ್ಯಾಧಿಕಾರಿಯಾಗಿದ್ದ ಡಾಕ್ಟರ್ ಕಾರ್ನಿಷರು, ದುಡಿಯುವ ಮನುಷ್ಯನ ದೇಹವು ಇಷ್ಟರಿಂದ ಉಳಿಯಲಾರದೆಂದು ಪ್ರತಿಭಟಿಸಿದರು. ಕೆಲವು ತಿಂಗಳುಗಳಲ್ಲಿ ಕೂಲಿಯನ್ನು ಏರಿಸಬೇಕಾಯಿತು. ಆದರೆ ಆ ತಿಂಗಳುಗಳು ಕಳೆದುಹೋಗಿದ್ದುವು.

ಟೆಂಪಲ್ಲರ ಮನಃಪರಿವರ್ತನೆಗೆ ಬಿಹಾರದ ಟೀಕೆಯೊಂದೇ ಕಾರಣವೆಂದು ನಾವು ಹೇಳುವುದಿಲ್ಲ; ಹಾಗೆ ಹೇಳಿದರೆ ನಾವೇ ಕಾಕತಾಳೀಯಕ್ಕೆ ಸಿಕ್ಕಿಬೀಳುತ್ತೇವೆ. ಆಗ ಸಾಮ್ರಾಜ್ಯದ ಬೊಕ್ಕಸದ ಸ್ಥಿತಿ, ವೈಸರಾಯ್ ಲಿಟ್ಟನ್ನರ ಧೋರಣೆ ಮೊದಲಾದ ಇತರ ಕಾರಣಗಳೂ ಇದ್ದುವು. ನಮ್ಮ ವಿಮರ್ಶೆಯಿರುವುದು ಬಿಹಾರದ ಬಗ್ಗೆ ಹೂಡಿದ ವಾದವನ್ನು ಕುರಿತು. ನ್ಯಾಯಶಾಸ್ತ್ರದವರು ಕಾರಣವನ್ನು ನಿಶ್ಚಯಿಸುವುದಕ್ಕೆ ಅನ್ವಯ-ವ್ಯತಿರೇಕಗಳೆರಡೂ ಬೇಕೆನ್ನುತ್ತಾರೆ: ಇದ್ದಾಗ ಏನಾಗುತ್ತದೆ, ಇಲ್ಲದಿದ್ದಾಗ ಏನಾಗುತ್ತದೆ. ಬಿಹಾರದಲ್ಲಿ ಅಕ್ಕಿ ಬಂದಿತು, ಜನ ಬದುಕಿದರು. ಒರಿಸ್ಸಾದಲ್ಲಿ ಅಕ್ಕಿ ಸಕಾಲಕ್ಕೆ ಬರಲಿಲ್ಲ, ಜನ ಸತ್ತರು. ಎರಡು ಪ್ರಾಂತಗಳ ಸ್ಥಿತಿಗತಿಗಳು ಸರ್ವಸಮವಲ್ಲವಾದ್ದರಿಂದ ಇದು ಪೂರ್ಣ ಪ್ರಮಾಣವಲ್ಲ. ಆದರೂ ಟೀಕಾಕಾರರು ನೋಡಲು ಒಪ್ಪದಿದ್ದ ಪಕ್ಕವನ್ನು ಇದು ತೋರಿಸುತ್ತದೆ. ಅವರು ವೆಚ್ಚವನ್ನು ಆಗಿಹೋದ ಸ್ಥಿತಿಯೊಡನೆ ಹೋಲಿಸಿದರು; ಹೋಲಿಸಬೇಕಾಗಿದ್ದುದು ವೆಚ್ಚ ಮಾಡದಿದ್ದರೆ ಆಗಬಹುದಾಗಿದ್ದ ಸ್ಥಿತಿಯೊಡನೆ. ಕೆರೆಯ ಏರಿಯು ಒಡೆಯಲಿಲ್ಲವೆಂಬ ಕಾರಣದಿಂದ ಏರಿಗೆ ಹಾಕಿಸಿದ ಮಣ್ಣು ದಂಡವೆನ್ನುವವನನ್ನು ಹಳ್ಳಿಯವರು ನಕ್ಕುಬಿಡುತ್ತಾರೆ.

೬

ಐದನೆಯದು ಮೊತ್ತವನ್ನು ನೋಡಿ ಅಂಚನ್ನು ಮರೆಯುವ ದೋಷ. ಮಹಾಕ್ಷಾಮದ ವರ್ಷಗಳಲ್ಲಿಯೂ ಭಾರತದಿಂದ ಹೊರದೇಶಗಳಿಗೆ ಧಾನ್ಯವು ರಫ್ತಾಗುತ್ತಿತ್ತೆಂಬುದು ಸುವಿದಿತವಾದ ಸಂಗತಿ. ಇದರ ಮೇಲೆ ಎರಡು ಪಕ್ಷಗಳಿವೆ. ರಫ್ತೇ ಕ್ಷಾಮಕ್ಕೆ ಕಾರಣವೆಂದು ಒಂದು ಪಕ್ಷ. ದೇಶದ ಒಟ್ಟು ಬೆಳೆಯಲ್ಲಿ ರಫ್ತು ಸಣ್ಣದೊಂದು ಅಂಶವಾದ್ದರಿಂದ ಅದಕ್ಕೂ ಕ್ಷಾಮಕ್ಕೂ ಸಂಬಂಧವಿಲ್ಲವೆಂದು ಇನ್ನೊಂದು ಪಕ್ಷ. ನಮ್ಮ ಅಭಿಪ್ರಾಯದಲ್ಲಿ ಇಬ್ಬರೂ ಒಂದೇ ತಪ್ಪನ್ನು ಎರಡು ಕಡೆಯಿಂದ ಮಾಡುತ್ತಿದ್ದಾರೆ.

ನೀರು ಪ್ರಾಣಾಧಾರ, ಆದರೂ ಅಗ್ಗ. ವಜ್ರವು ಅನಾವಶ್ಯಕ, ಆದರೂ ದುಬಾರಿ. ೧೭೭೬ರಲ್ಲಿ ಆಡಂ ಸ್ಮಿತ್ ಎತ್ತಿ ತೋರಿಸಿದ ಈ ಒಗಟು ಬಿಡಿಸಿಕೊಂಡುದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ: ಬೆಲೆಯನ್ನು ಗೊತ್ತುಮಾಡುವುದು ವಸ್ತುವಿನ ಒಟ್ಟು ಪ್ರಯೋಜನವಲ್ಲ, ಅಂಚಿನಲ್ಲಿರುವ ಕೊನೆಯ ಅಳತೆಯ ಪ್ರಯೋಜನ. ಧಾನ್ಯಕ್ಕೂ ಇದನ್ನೇ ಅನ್ವಯಿಸಬೇಕು. ಬೆಳೆದವರು ತಮ್ಮ ಊಟಕ್ಕೆ ಇಟ್ಟುಕೊಂಡದ್ದು, ಬೀಜಕ್ಕೆ ತೆಗೆದದ್ದು ಕಳೆದಮೇಲೆ ಮಾರುಕಟ್ಟೆಗೆ ಬರುವ ಭಾಗವು ಒಟ್ಟು ಬೆಳೆಗಿಂತ ಬಹು ಚಿಕ್ಕದು. ರಫ್ತನ್ನು ಹೋಲಿಸಬೇಕಾದುದು ಈ ಚಿಕ್ಕ ಭಾಗದೊಡನೆ. ಒಟ್ಟಿನಲ್ಲಿ ಅಲ್ಪವಾದುದು ಅಂಚಿನಲ್ಲಿ ಬೆಲೆಯನ್ನು ಬಹಳವಾಗಿ ಕದಲಿಸಬಲ್ಲದು. ಇದು ಎರಡನೆಯ ಪಕ್ಷಕ್ಕೆ ಉತ್ತರ. ಮೊದಲನೆಯ ಪಕ್ಷದವರಿಗೆ ಹೇಳಬೇಕಾದುದು ಬೇರೆ. ಆ ಧಾನ್ಯವು ದೇಶದಲ್ಲಿಯೇ ಉಳಿದಿದ್ದರೂ ಬಳ್ಳಾರಿಯ ಅಥವಾ ಕೋಲಾರದ ಕೂಲಿಯವನ ಕೈಯಲ್ಲಿ ಕಾಸಿಲ್ಲದಿದ್ದರೆ ಅದು ಅವನ ಮನೆಗೆ ಬರುತ್ತಿರಲಿಲ್ಲ. ರಫ್ತನ್ನು ತಡೆಯುವುದರಿಂದ ಬೆಲೆ ಸ್ವಲ್ಪ ಇಳಿಯಬಹುದಾಗಿತ್ತು. ಆದರೆ ಆದಾಯವು ಶೂನ್ಯವಾದವನಿಗೆ ಇಳಿದ ಬೆಲೆಯೂ ಎಟುಕದ ಬೆಲೆಯೇ. ಪ್ರಶ್ನೆಯು ಒಂದೇ ಕಾರಣವನ್ನು ಹುಡುಕುವುದಲ್ಲ. ಯಾವ ಕಾರಣವು ಎಷ್ಟರಮಟ್ಟಿಗೆ, ಯಾರ ಮೇಲೆ ಕೆಲಸ ಮಾಡಿತೆಂದು ಬಿಡಿಸಿ ನೋಡುವುದು.

ಆಡಂ ಸ್ಮಿತ್ತನ ವಾದದ ವಿಷಯದಲ್ಲಿಯೂ ಇದೇ ನ್ಯಾಯದೃಷ್ಟಿ ಬೇಕು. ಧಾನ್ಯದ ವ್ಯಾಪಾರವನ್ನು ಕುರಿತು ಅವನು ಹೇಳಿದುದರಲ್ಲಿ ಒಂದು ಗಟ್ಟಿಯಾದ ಅಂಶವಿದೆ. ಕೊರತೆಯ ವರ್ಷದ ಆದಿಯಲ್ಲಿಯೇ ವರ್ತಕನು ಬೆಲೆಯೇರಿಸಿದರೆ ಜನರು ಮೊದಲಿನಿಂದಲೇ ಕೈಹಿಡಿದು ಉಣ್ಣುತ್ತಾರೆ. ಇದ್ದ ಧಾನ್ಯವು ಮುಂದಿನ ಸುಗ್ಗಿಯವರೆಗೆ ಬರುತ್ತದೆ. ಎಲ್ಲರ ಕೈಯಲ್ಲಿಯೂ ಏನಾದರೊಂದು ಆದಾಯವಿದ್ದು ಎಲ್ಲರೂ ಒಂದೊಂದು ತುತ್ತು ಕಡಿಮೆ ಮಾಡುವ ಸಮಾಜದಲ್ಲಿ ಇದು ಸರಿ. ಆದರೆ ಮಳೆ ಹೋದೊಡನೆ ಕೃಷಿಕಾರ್ಮಿಕರ ಕೆಲಸವೂ ಹೋಗುವ ಸೀಮೆಯಲ್ಲಿ ಬೆಲೆಯೇರಿಕೆಯಿಂದ ಎಲ್ಲರೂ ಒಂದು ತುತ್ತು ಬಿಡುವುದಿಲ್ಲ. ಕೆಲವರು ಎಂದಿನಂತೆ ಉಣ್ಣುತ್ತಾರೆ, ಕೆಲವರು ಉಣ್ಣುವುದನ್ನೇ ಬಿಡುತ್ತಾರೆ. ವಾದವನ್ನು ಅದರ ಷರತ್ತುಗಳಿಂದ ಕಿತ್ತು ಹಡಗಿನಲ್ಲಿ ತಂದಿಳಿಸಿದವರದು ತಪ್ಪು.

೭

ಆರನೆಯದಾಗಿ, ಕಣ್ಣಿಗೆ ಬಿದ್ದುದನ್ನು ಎಣಿಸಿ ಬೀಳದುದನ್ನು ಬಿಡುವ ದೋಷ. ಫ್ರಾನ್ಸಿನ ಬಾಸ್ತಿಯಾ ೧೮೫೦ರಲ್ಲಿ ಒಡೆದ ಕಿಟಕಿಯ ದೃಷ್ಟಾಂತದಿಂದ ಇದನ್ನು ವಿವರಿಸಿದನು: ಗಾಜು ಒಡೆದುದರಿಂದ ಗಾಜಿನವನಿಗೆ ಕೆಲಸ ಸಿಕ್ಕಿತೆಂದು ಹಿಗ್ಗುವವರು, ಆ ಹಣದಿಂದ ಮನೆಯೊಡೆಯನು ಕೊಳ್ಳಬಹುದಾಗಿದ್ದ ಜೋಡನ್ನು ಮರೆಯುತ್ತಾರೆ. ಬೆಂಗಳೂರು-ಮೈಸೂರು ರೈಲುದಾರಿಯ ಕೆಲಸವು ಮಹಾಕ್ಷಾಮದ ಪರಿಹಾರಕಾರ್ಯವಾಗಿ ಆರಂಭವಾಯಿತು. ಮದ್ರಾಸಿನ ಬಕಿಂಗ್‌ಹ್ಯಾಂ ಕಾಲುವೆಯ ಕೆಲಸದಲ್ಲಿಯೂ ಆಗ ಕ್ಷಾಮಪೀಡಿತರು ದುಡಿದರು. ಇದರಿಂದ ‘ಬರಗಾಲವು ನಾಡಿಗೆ ರೈಲನ್ನು ಕೊಟ್ಟಿತು’ ಎಂದು ಬರೆಯುವುದುಂಟು. ಕೊಟ್ಟದ್ದು ಬರಗಾಲವಲ್ಲ, ದುಡಿದವರ ಕೈಗಳು. ಪರಿಹಾರಕ್ಕೆ ವೆಚ್ಚ ಮಾಡಲೇಬೇಕಾದಾಗ ಅದನ್ನು ಉಳಿಯುವ ಕೆಲಸಕ್ಕೆ ಹಾಕಿದುದು ವಿವೇಕವೆಂದು ಹೇಳಬಹುದು. ಅದು ಬೇರೆ ಮಾತು.

ಕಾಣದುದನ್ನು ಬಿಡುವ ಈ ತಪ್ಪು ಜನಸಂಖ್ಯೆಯ ಅಂಕಿಗಳಲ್ಲಿ ಅತ್ಯಂತ ಕ್ರೂರವಾದ ರೂಪವನ್ನು ತಾಳುತ್ತದೆ. ೧೮೭೧ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ೫೦,೫೫,೪೧೨, ೧೮೮೧ರಲ್ಲಿ ೪೧,೮೬,೧೮೮. ಹತ್ತು ವರ್ಷಗಳಲ್ಲಿ ನೂರಕ್ಕೆ ೧೭ಕ್ಕಿಂತ ಸ್ವಲ್ಪ ಹೆಚ್ಚು ಇಳಿತ. ಈ ೮,೬೯,೨೨೪ರ ವ್ಯತ್ಯಾಸವನ್ನೇ ಸತ್ತವರ ಸಂಖ್ಯೆಯೆಂದು ಬರೆಯುವುದು ಮೊದಲನೆಯ ತಪ್ಪು. ವ್ಯತ್ಯಾಸದಲ್ಲಿ ಊರು ಬಿಟ್ಟು ಹೋದವರೂ ಇದ್ದಾರೆ, ಹುಟ್ಟದೆಹೋದ ಮಕ್ಕಳೂ ಇದ್ದಾರೆ. ಇನ್ನೊಂದು ಕಡೆ, ೧೮೭೧ರಿಂದ ೧೮೭೬ರವರೆಗೆ ಜನಸಂಖ್ಯೆಯು ಬೆಳೆದಿದ್ದರೆ ಆ ಬೆಳವಣಿಗೆಯನ್ನೂ ಕ್ಷಾಮವು ನುಂಗಿಹಾಕಿತೆಂದಾಗುತ್ತದೆ, ಅದು ಈ ವ್ಯತ್ಯಾಸದಲ್ಲಿ ಕಾಣುವುದಿಲ್ಲ. ನಿವ್ವಳ ಅಂಕಿಯು ಸಾವಿನ ಲೆಕ್ಕವಲ್ಲ.

ಎರಡನೆಯ ತಪ್ಪು ಇನ್ನೂ ಸೂಕ್ಷ್ಮವಾದುದು. ಒಂದು ಹಳ್ಳಿಯಲ್ಲಿ ಹತ್ತು ಸಂಸಾರಗಳಿವೆಯೆಂದು ಊಹಿಸೋಣ. ಐದಕ್ಕೆ ವರ್ಷಕ್ಕೆ ೪೦ ರೂಪಾಯಿ ವರಮಾನ, ಉಳಿದ ಐದಕ್ಕೆ ೧೦೦ ರೂಪಾಯಿ. ಸರಾಸರಿ ೭೦ ರೂಪಾಯಿ. ಕ್ಷಾಮದಲ್ಲಿ ಬಡಸಂಸಾರಗಳ ಪೈಕಿ ಮೂರು ನಾಶವಾದುವು; ಉಳಿದವರ ವರಮಾನವು ಒಂದು ಕಾಸೂ ಹೆಚ್ಚಲಿಲ್ಲ. ಈಗ ಏಳು ಸಂಸಾರಗಳ ಒಟ್ಟು ವರಮಾನ ೫೮೦ ರೂಪಾಯಿ. ಸರಾಸರಿ ಸುಮಾರು ೮೩ ರೂಪಾಯಿ. ಸರಾಸರಿಯು ೧೩ ರೂಪಾಯಿ ಏರಿತು, ಒಬ್ಬನೂ ಮುಂದುವರಿಯಲಿಲ್ಲ. ಕ್ಷಾಮಾನಂತರದ ವರ್ಷಗಳ ತಲಾ ಅಂಕಿಗಳನ್ನು ಕಂಡು ‘ನಾಡು ಬೇಗ ಚೇತರಿಸಿಕೊಂಡಿತು’ ಎಂದು ಬರೆಯುವ ಮೊದಲು ಈ ಏರಿಕೆಯಲ್ಲಿ ಎಷ್ಟು ಭಾಗ ಚೇತರಿಕೆ, ಎಷ್ಟು ಭಾಗ ಬಡವರ ಅಳಿವು ಎಂದು ಕೇಳಬೇಕು. ಲೆಕ್ಕದಿಂದ ಮನುಷ್ಯರು ಬಿಟ್ಟುಹೋದಾಗ ಲೆಕ್ಕವು ಚೆಂದವಾಗುತ್ತದೆ.

೮

ಇಷ್ಟನ್ನು ಓದಿದವರು, ಅರ್ಥಶಾಸ್ತ್ರವೇ ಅಪರಾಧಿಯೆಂದೂ ಕರುಣೆಯಿದ್ದರೆ ಸಾಕು, ತರ್ಕ ಬೇಡವೆಂದೂ ತಿಳಿಯುವ ಸಂಭವವಿದೆ. ಹಾಗೆ ತಿಳಿಯುವುದು ಏಳನೆಯ ತಪ್ಪಾದೀತು. ಕ್ಷಾಮನಿವಾರಣೆಯ ದಾರಿಯನ್ನು ಕಂಡುಕೊಂಡುದೂ ತರ್ಕದಿಂದಲೇ. ಮಹಾಕ್ಷಾಮದ ತರುವಾಯ ರಿಚರ್ಡ್ ಸ್ಟ್ರೇಚಿಯವರ ಅಧ್ಯಕ್ಷತೆಯಲ್ಲಿ ನೇಮಿಸಿದ ಆಯೋಗವು ೧೮೮೦ರಲ್ಲಿ ವರದಿಯನ್ನೊಪ್ಪಿಸಿತು. ಬರದಲ್ಲಿ ಮೊದಲು ಬತ್ತುವುದು ಕೂಲಿಯೆಂಬುದನ್ನು ಗುರುತಿಸಿ, ಕೆಲಸದ ಮೂಲಕ ಕೊಳ್ಳುವ ಶಕ್ತಿಯನ್ನು ಮರಳಿ ಕೊಡುವ ಕ್ಷಾಮಸಂಹಿತೆಗಳಿಗೆ ಅದು ಅಡಿಪಾಯ ಹಾಕಿತು. ಆ ಸಂಹಿತೆಗಳ ಅನುಷ್ಠಾನದಲ್ಲಿ ಜಿಪುಣತನವೂ ವಿಳಂಬವೂ ಇದ್ದುವೆಂಬುದು ನಿಜ; ಆದರೆ ರೋಗನಿದಾನವು ಒರಿಸ್ಸಾದ ಕಾಲಕ್ಕಿಂತ ಮುಂದೆ ಬಂದಿತ್ತು.

ಬಂಗಾಳದಲ್ಲಿ ೧೯೪೩ರಲ್ಲಿ ಅದೇ ನಿದಾನವನ್ನು ಮರೆತರು. ಪ್ರಾಂತದಲ್ಲಿ ಎಷ್ಟು ಟನ್ ಅಕ್ಕಿಯಿದೆಯೆಂಬ ಚರ್ಚೆಯಲ್ಲಿಯೇ ಕಾಲ ಕಳೆಯಿತು. ೧೯೪೫ರ ವಿಚಾರಣಾ ಆಯೋಗವು ಸತ್ತವರನ್ನು ಸುಮಾರು ಹದಿನೈದು ಲಕ್ಷವೆಂದು ಅಂದಾಜು ಮಾಡಿತು. ಅನಂತರದ ವಿದ್ವಾಂಸರ ಅಂದಾಜುಗಳು ಇದನ್ನು ಬಹಳ ಮೀರುತ್ತವೆ. ಅಮರ್ತ್ಯ ಸೇನರು ೧೯೮೧ರ ತಮ್ಮ ಗ್ರಂಥದಲ್ಲಿ, ೧೯೪೩ರ ಆಹಾರಸರಬರಾಯಿಯು ಹಿಂದಿನ ಐದು ವರ್ಷಗಳ ಸರಾಸರಿಗಿಂತ ನೂರಕ್ಕೆ ಸುಮಾರು ೫ರಷ್ಟು ಮಾತ್ರ ಕಡಿಮೆಯಾಗಿತ್ತೆಂದೂ, ಕ್ಷಾಮವಿಲ್ಲದಿದ್ದ ೧೯೪೧ಕ್ಕಿಂತ ಹೆಚ್ಚಾಗಿಯೇ ಇತ್ತೆಂದೂ ವಾದಿಸಿ, ಕ್ಷಾಮವೆಂದರೆ ಆಹಾರವು ಇಲ್ಲದಿರುವುದಲ್ಲ, ಕೆಲವು ವರ್ಗಗಳಿಗೆ ಅದು ದಕ್ಕದಿರುವುದೆಂದು ತೋರಿಸಿದರು. ಆ ಅಂಕಿಗಳ ವಿಶ್ವಾಸಾರ್ಹತೆಯನ್ನು ಪ್ರಶ್ನಿಸಿದವರಿದ್ದಾರೆ. ಬೆಳೆಯ ನಷ್ಟವು ಇದಕ್ಕಿಂತ ದೊಡ್ಡದೆನ್ನುವವರೂ ಇದ್ದಾರೆ. ಈ ಆಕ್ಷೇಪಣೆಯನ್ನು ತಳ್ಳಿಹಾಕಕೂಡದು. ಆದರೆ ಕೊರತೆಯು ದೊಡ್ಡದೇ ಆಗಿದ್ದರೂ ಅದು ಏಕೆ ಭೂಹೀನ ಕೂಲಿಯವರನ್ನೂ ಬೆಸ್ತರನ್ನೂ ಕೊಂದು ಕಲ್ಕತ್ತೆಯ ಸಂಬಳದಾರರನ್ನು ಉಳಿಸಿತೆಂಬ ಪ್ರಶ್ನೆಗೆ ಬೆಳೆಯ ಅಂಕಿಯು ಉತ್ತರ ಕೊಡಲಾರದು. ಮಹಾರಾಷ್ಟ್ರದಲ್ಲಿ ೧೯೭೨-೭೩ರಲ್ಲಿ ಬೆಳೆಗಳು ಘೋರವಾಗಿ ನಾಶವಾದರೂ ಲಕ್ಷಾಂತರ ಜನರಿಗೆ ಕೆಲಸವನ್ನೂ ಕೂಲಿಯನ್ನೂ ಒದಗಿಸಿದುದರಿಂದ ಅದು ಮಹಾಕ್ಷಾಮವಾಗಿ ಪರಿಣಮಿಸಲಿಲ್ಲವೆಂಬುದನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು.

ಕೊನೆಯದಾಗಿ ಅಧ್ಯಾಪಕ ಮಿತ್ರರಲ್ಲಿ ಒಂದು ಸೂಚನೆ. ತರ್ಕದೋಷಗಳ ಹೆಸರುಗಳನ್ನು ಬಾಯಿಪಾಠ ಮಾಡಿಸುವುದರಿಂದ ಹೆಚ್ಚಿನ ಫಲವಿಲ್ಲ. ಹೆಸರು ಬಲ್ಲವನು ಇತರರ ದೋಷವನ್ನು ಮಾತ್ರ ಕಾಣುತ್ತಾನೆ. ಅದಕ್ಕೆ ಬದಲು ಯಾವುದೇ ಆರ್ಥಿಕ ವಾಕ್ಯವು ಎದುರಾದಾಗ ನಾಲ್ಕು ಪ್ರಶ್ನೆಗಳನ್ನು ಕೇಳುವ ಅಭ್ಯಾಸವನ್ನು ಮಾಡಿಸುವುದು ಉತ್ತಮ. ಈ ಮಾತನ್ನು ಶಾಸ್ತ್ರದ ಅರ್ಥದಲ್ಲಿ ಆಡಿದೆಯೋ, ಲೋಕದ ಅರ್ಥದಲ್ಲಿಯೋ? ಒಬ್ಬನಿಗೆ ನಿಜವಾದುದು ಎಲ್ಲರೂ ಒಮ್ಮೆಗೇ ಮಾಡಿದಾಗಲೂ ನಿಜವೇ? ಹೀಗಾಗದಿದ್ದರೆ ಏನಾಗುತ್ತಿತ್ತು? ಈ ಸರಾಸರಿಯಲ್ಲಿ ಯಾರು ಸೇರಿದ್ದಾರೆ, ಯಾರು ಬಿಟ್ಟುಹೋಗಿದ್ದಾರೆ? ಧಾತು-ಈಶ್ವರ ಸಂವತ್ಸರಗಳ ಕಾಗದಪತ್ರಗಳನ್ನು ಈ ನಾಲ್ಕು ಪ್ರಶ್ನೆಗಳೊಡನೆ ಓದಿದ ವಿದ್ಯಾರ್ಥಿಯು ಅರ್ಥಶಾಸ್ತ್ರದ ಮೊದಲ ಪಾಠಗಳನ್ನು ಎರಡನೆಯ ಬಾರಿ, ಮತ್ತು ಸರಿಯಾಗಿ, ಕಲಿತಂತಾಗುತ್ತದೆ.